ಹೇಳಿದವರ ಹೆಸರು

ನಿನ್ನೆ ಕೊತ್ತಂಬರಿ ಕಟ್ಟು ಬಿಚ್ಚುವಾಗ ರಬ್ಬರ್ ಬ್ಯಾಂಡ್ ಹರಿದು ಬೆರಳಿಗೆ ಅಂಟಿತು. ಹಳೇ ರಬ್ಬರಿನ ವಾಸನೆ. ಕೆಳಗಿನ ಮನೆಯ ಮಾಸ್ತರು ನೆನಪಾದರು.

ನಾನು ಹಾಲೆಂಡಿನ ಲೈಡನ್ ಊರಿನ ಒಂದು ಹೋಟೆಲಿನಲ್ಲಿ ಅಡುಗೆಯವನು. ಓದಿದ್ದು ಎಂಟನೇ ಕ್ಲಾಸು. ಮಾಸ್ತರು ಧಾರವಾಡದ ಕಡೆಯವರು, ಇಲ್ಲಿ ಮಗಳ ಮನೆಯಲ್ಲಿದ್ದರು. ವಯಸ್ಸಿನಲ್ಲಿದ್ದಾಗ ನೈಜೀರಿಯಾದ ಹಳ್ಳಿಯೊಂದರಲ್ಲಿ ಲೆಕ್ಕ ಕಲಿಸಿದ್ದರಂತೆ. ಆ ಊರಿನ ಮಾತು ಅಲ್ಲಿನ ದೊಡ್ಡ ಭಾಷೆ ಹೌಸಾಕ್ಕೆ ನೆಂಟ, ಆಡುವವರು ಕಡಿಮೆ. ಶಾಲೆ ಬಿಟ್ಟ ಮೇಲೆ ಮನೆಮನೆಗೆ ಹೋಗಿ ಕೂತು, ಪದಕ್ಕೊಂದು ಚೀಟಿ ಬರೆದಿದ್ದರು. ಒಬ್ಬರು ಹೇಳಿದ್ದೆಲ್ಲ ಒಂದು ಕಟ್ಟು. ಹೇಳಿದವರ ಹೆಸರು ಕಟ್ಟಿನ ಮೇಲಿನ ಕಾಗದದಲ್ಲಿ ಮಾತ್ರ.

ಇದರಿಂದ ಏನು ಸಿಗುತ್ತೆ ಅಂತ ನೇರವಾಗಿ ಕೇಳಿದ್ದೆ. ಅವರಿಗೆ ಬೇಜಾರಾಗಲಿಲ್ಲ. ಅರಬ್ಬಿ, ಹೀಬ್ರೂ, ಹಳೇ ಈಜಿಪ್ಟಿನ ಮಾತು, ನಮ್ಮ ಬೀದಿಯ ತರಕಾರಿ ಅಂಗಡಿ ಮೊರಾಕ್ಕೊದವನ ಮನೆಮಾತು, ಎಲ್ಲ ಒಂದೇ ವಂಶವಂತೆ. ಸಾಯುವುದಕ್ಕೆ ಹೌಸಾದಲ್ಲಿ 'ಮುತು', ಅರಬ್ಬಿಯಲ್ಲಿ 'ಮಾತ'. ಆ ಹಳ್ಳಿಯ ಕಡೆಯ, ಚಾಡ್ ಸರೋವರದ ಸುತ್ತಿನ ಭಾಷೆಗಳು ಮನೆ ಬಿಟ್ಟು ಬಹಳ ದೂರ ಹೋದ ದಾಯಾದಿಗಳು. ಗುರುತೇ ಸಿಗುವುದಿಲ್ಲ.

"ಈ ಚೀಟಿ ಅದಕ್ಕ ಸಾಕ್ಷಿ, ತಮ್ಮಾ. ಸಾಕ್ಷಿ ಹೇಳಿದವರಿಗೆ ಹೆಸರು ಬ್ಯಾಡೇನು?" ಅಂದಿದ್ದರು.

ಇಲ್ಲಿನ ಯೂನಿವರ್ಸಿಟಿಯವರು ತಿಂಗಳೊಳಗೆ ಬಂದು ಎಲ್ಲ ಒಯ್ಯುವವರಿದ್ದರು. ಕಟ್ಟುಗಳ ರಬ್ಬರ್ ಬ್ಯಾಂಡ್ ಹಳೇದಾಗಿ ಹರಿಯುತ್ತಿದ್ದವು. ಹೊಸದು ಹಾಕು ಅಂತ ನನಗೆ ಹೇಳಿ ಮಾಸ್ತರು ಮಗಳ ಜೊತೆ ಆಸ್ಪತ್ರೆಗೆ ಹೋದರು. ಅಷ್ಟೇ ಮಾಡಬೇಕಿತ್ತು. ನಾನು ಅಡುಗೆಮನೆಯವನು; ಮೆಂತ್ಯ ಮೆಂತ್ಯದ ಡಬ್ಬಿಗೆ, ಜೀರಿಗೆ ಜೀರಿಗೆ ಡಬ್ಬಿಗೆ. ಎಲ್ಲ ಕಟ್ಟು ಬಿಚ್ಚಿ, ಎಬಿಸಿಡಿ ಪ್ರಕಾರ ಹೊಸ ಡಬ್ಬಿಗಳಲ್ಲಿ ಜೋಡಿಸಿದೆ. ಮೇಲಿನ ಕಾಗದಗಳು ಅಂಟಂಟಾಗಿದ್ದವು, ರದ್ದಿಗೆ ಹಾಕಿದೆ. ಅವತ್ತೇ ರದ್ದಿ ಗಾಡಿ ಬಂದು ಒಯ್ದಿತು.

ಮಾಸ್ತರು ವಾಪಸ್ ಬಂದು ಡಬ್ಬಿ ನೋಡಿ, ಮೇಲಿನ ಕಾಗದ ಎಲ್ಲಿ ಅಂತ ಕೇಳಿದರು. ಅವರ ಮಗಳು "ಏನ್ ಮಾಡಿಟ್ಟಿಯೋ ಪುಣ್ಯಾತ್ಮಾ" ಅಂದರು.

"ಬೈಬ್ಯಾಡವಾ. ಚಲೋ ಮಾಡಾಕ ಹೋಗ್ಯಾನ," ಅಂದರು ಮಾಸ್ತರು. ಆಮೇಲೆ ನನಗೆ, "ಸೋಮವಾರ ರಜಾ ಅಲ್ಲೇನು ನಿನಗ? ಬಾ."

ಯೂನಿವರ್ಸಿಟಿಯವರಿಗೆ ಇನ್ನಷ್ಟು ಟೈಮ್ ಕೇಳಿದರು. ಸೋಮವಾರ ಸೋಮವಾರ ಕೂತೆವು. ಅವರು ಚೀಟಿಯ ಪದವನ್ನು ಜೋರಾಗಿ ಓದಿ ಕಣ್ಣು ಮುಚ್ಚುತ್ತಿದ್ದರು. ಇದು ಕಮ್ಮಾರನ ಹೆಂಡತಿ ಹೇಳಿದ್ದು, ಆಕಿಗೆ ಮುಂದಿನ ಹಲ್ಲಿರಲಿಲ್ಲ ಅನ್ನುತ್ತಿದ್ದರು. ಇದು ಮೀನು ಹಿಡಿಯೋ ಮುದುಕ, ಪದ ಹೇಳೋಕೆ ಮೊದಲು ಉಪ್ಪು ಕೇಳಿದ್ದ. ಅವರು ಹೇಳಿದ ಹೆಸರನ್ನು ನಾನು ಚೀಟಿಯ ಹಿಂದೆ ಕನ್ನಡದಲ್ಲಿ ಬರೆಯುತ್ತಿದ್ದೆ. ಕೆಲವು ಸಲ ಹೆಸರು ಬರುತ್ತಿರಲಿಲ್ಲ; ಆಗ ಚೀಟಿ ಪಕ್ಕಕ್ಕಿಟ್ಟು "ಇದು ಇರಲಿ, ನಾಳೆ ನೆನಪಾಗತೈತಿ" ಅನ್ನುತ್ತಿದ್ದರು.

ಐದು ಡಬ್ಬಿ ಮುಗಿದವು. ನಾಲ್ಕು ಉಳಿದವು. ಚಳಿ ಮುಗಿಯುವ ಮೊದಲೇ ಮಾಸ್ತರು ತೀರಿಹೋದರು.

ಹೋದ ವಾರ ಯೂನಿವರ್ಸಿಟಿಗೆ ಹೋಗಿ ಡಬ್ಬಿಗಳನ್ನು ನೋಡಿಬಂದೆ. ಅಲ್ಲಿದ್ದ ಹುಡುಗಿ ಒಂದು ಪದವೂ ಕಳೆದಿಲ್ಲ, ಚಿಂತೆ ಬೇಡ ಅಂದಳು. ಒಳ್ಳೆಯವಳು. ಉಳಿದ ನಾಲ್ಕು ಡಬ್ಬಿಗಳ ಮೇಲೆ ಒಂದು ಚೀಟಿ ಅಂಟಿಸಿದ್ದಾರೆ: ಹೇಳಿದವರು ಯಾರೋ ಗೊತ್ತಿಲ್ಲ.

ಗೊತ್ತಿತ್ತು. ಪ್ರತಿಯೊಬ್ಬರ ಹೆಸರೂ ಗೊತ್ತಿತ್ತು. ಕಟ್ಟು ಬಿಚ್ಚಿದ್ದು ನಾನು.