ಹಾಲಿನ ಕ್ಯಾನಿನ ಮೇಲಿನ ಕೆಂಪು

ನಾನು ಇಂಕು ತಯಾರಿಸುವವಳು. ಪೆನ್ನಿಗೆ ಹಾಕುವ ಇಂಕಲ್ಲ. ಡಬ್ಬ, ಕ್ಯಾನು, ತಗಡಿನ ಬೋರ್ಡುಗಳ ಮೇಲೆ ಅಕ್ಷರ ಅಚ್ಚು ಹಾಕುವ ಗಟ್ಟಿ ಇಂಕು. ಹುಟ್ಟಿ ಬೆಳೆದದ್ದು ಊರಿಗಾಂನಲ್ಲಿ, ಚಿನ್ನದ ಗಣಿ ಕಾರ್ಮಿಕರ ಲೈನಿನ ಸಾಲುಮನೆಯೊಂದರಲ್ಲಿ. ಹದಿನಾಲ್ಕು ವರ್ಷ ಬೆಳಗಿನ ರೈಲು ಹಿಡಿದು ಬೆಂಗಳೂರಿನ ಕಡೆಯ ಇಂಕು ಕಾರ್ಖಾನೆಯೊಂದರ ಲ್ಯಾಬಿಗೆ ಹೋಗಿಬಂದೆ. ಆಮೇಲೆ ಬಂಗಾರಪೇಟೆಯಲ್ಲಿ ಒಂದು ಶೆಡ್ಡು ಹಿಡಿದು ನನ್ನದೇ ಕೆಲಸ ಶುರುಮಾಡಿದೆ.

ಶೆಡ್ಡಿಗೆ ಬಂದ ಮೊದಲ ದೊಡ್ಡ ಕೆಲಸ ಕ್ಯಾಸಂಬಳ್ಳಿಯಿಂದಾಚೆಯ ಒಂದು ಹಳ್ಳಿಯ ಹೆಂಗಸರ ಡೈರಿಯದು. ಹಾಲು ಹಾಕುವ ಪ್ರತಿ ಮನೆಗೂ ಒಂದು ಸ್ಟೀಲ್ ಕ್ಯಾನು ಕೊಟ್ಟಿದ್ದರು. ಅದರ ಮೇಲೆ ಮನೆಯ ನಂಬರು ಅಚ್ಚು ಹಾಕಬೇಕಿತ್ತು. ಓದಲು ಬಾರದವರಿಗೂ ಗುರುತು ಸಿಗಲಿ ಎಂದು ಬೀದಿಗೊಂದು ಬಣ್ಣ ಇಟ್ಟವರು ಡೈರಿಯ ಕಾರ್ಯದರ್ಶಿ: ಮೇಲಿನ ಬೀದಿಗೆ ನೀಲಿ, ಕೆರೆ ಬೀದಿಗೆ ಹಸಿರು, ಕೆಳಗಿನ ಬೀದಿಗೆ ಕೆಂಪು. ಇಂಕು ಮಾಡಿ, ನಾನೇ ಅಚ್ಚು ಹಾಕಿಕೊಟ್ಟೆ. ಹಳೆಯ ಹೊಲಿಗೆ ಯಂತ್ರದ ಮೋಟಾರಿನಿಂದ ನಾನು ಮಾಡಿಸಿಕೊಂಡ ಉಜ್ಜುವ ಯಂತ್ರವೊಂದಿದೆ. ಒಣಬಟ್ಟೆ ಸುತ್ತಿದ ಅದರ ಭಾರದ ತುಂಡು ಅಚ್ಚಿನ ಮೇಲೆ ಸಾವಿರ ಸಲ ಓಡಾಡಿದರೂ ನನ್ನ ಅಕ್ಷರಗಳು ಜಗ್ಗಿರಲಿಲ್ಲ. ಐದು ವರ್ಷ ಏನೂ ಆಗುವುದಿಲ್ಲ ಎಂದು ಮಾತು ಕೊಟ್ಟು ಬಂದಿದ್ದೆ.

ಎರಡು ತಿಂಗಳಿಗೇ ಕಾರ್ಯದರ್ಶಿಯ ಫೋನು ಬಂತು. ನಂಬರುಗಳು ಎದ್ದುಹೋಗುತ್ತಿವೆ, ಕೆಂಪಂತೂ ಬಿಳಿಚಿಕೊಂಡು ಯಾವ ಬಣ್ಣವೆಂದೇ ತಿಳಿಯದಂತಾಗಿದೆ ಎಂದರು. ಸ್ಟೀಲ್ ಸ್ಕ್ರಬ್ಬರಿನಲ್ಲಿ ತಿಕ್ಕಿರುತ್ತಾರೆ ಎಂದು ನಾನು ಸ್ವಲ್ಪ ಗಡಸಾಗಿಯೇ ಹೇಳಿದೆ. ಆಕೆ ಜಗಳವಾಡಲಿಲ್ಲ. ಕೆಳಗಿನ ಬೀದಿಯ ಅಜ್ಜಿಯೊಬ್ಬರ ವಿಷಯ ಹೇಳಿದರು.

ಆ ಊರಲ್ಲಿ ಬೆಳಿಗ್ಗೆ ಡೈರಿಯ ಮುಂದೆ ಕ್ಯಾನುಗಳನ್ನು ಸಾಲಾಗಿ ಇಟ್ಟು, ಮನೆಗೆ ಹೋಗಿ ಸಗಣಿ ಬಾಚಿ ಕಸ ಗುಡಿಸಿ, ತಮ್ಮ ಸರದಿಯ ಹೊತ್ತಿಗೆ ಬಂದು ನಿಲ್ಲುವುದು ರೂಢಿ. ಆ ಅಜ್ಜಿಗೆ ಓದಲು ಬಾರದು. ಕೆಂಪು ಕಂಡರೆ ತನ್ನದು ಎಂದು ಎತ್ತಿಕೊಳ್ಳುತ್ತಿದ್ದರು. ಆ ಬೀದಿಯಲ್ಲಿ ಹಾಲು ಹಾಕುವ ಮನೆ ಅವರದೊಂದೇ. ಬಣ್ಣ ಹೋದ ಮೇಲೆ ಎರಡು ಸಲ ಬೇರೆಯವರ ಕ್ಯಾನು ಎತ್ತಿದ್ದರು. ಎರಡನೆಯ ಸಲ ಮೇಲಿನ ಬೀದಿಯ ಹೆಂಗಸೊಬ್ಬಳು, ಮುದುಕಿಗೆ ಕಣ್ಣು ಮಂಜಾಗಿಲ್ಲ, ನನ್ನ ಕ್ಯಾನಿನಲ್ಲಿ ಹಾಲು ಜಾಸ್ತಿ ಇರುವುದು ಚೆನ್ನಾಗಿಯೇ ಕಾಣುತ್ತದೆ ಎಂದು ಎಲ್ಲರೆದುರು ಅಂದುಬಿಟ್ಟಳಂತೆ. ಅಂದಿನಿಂದ ಅಜ್ಜಿ ಡೈರಿಗೆ ಬಂದಿಲ್ಲ. ಸೊಸೆಯ ಕೈಲಿ ಹಾಲು ಕಳಿಸುತ್ತಾರೆ.

ಫೋನು ಇಟ್ಟ ಮೇಲೆ ಆ ದಿನ ಬೇರೆ ಕೆಲಸಕ್ಕೆ ಕೈ ಹೋಗಲಿಲ್ಲ. ಮರುದಿನ ಬಸ್ಸು ಹತ್ತಿದೆ.

ನಾನು ಹೋದಾಗ ಅಜ್ಜಿ ಹಿತ್ತಲ ಒಗೆಯುವ ಕಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಕ್ಯಾನು ತೊಳೆಯುತ್ತಿದ್ದರು. ಇಂಕು ಮಾಡಿದವಳು ನಾನೇ ಎಂದೆ. ತಲೆಯೆತ್ತಿ ನೋಡಿ, ಕೂತ್ಕೊ ಎಂದು ಕಲ್ಲಿನ ತುದಿ ತೋರಿಸಿದರು. ಅಲ್ಲಿ ಸ್ಟೀಲ್ ಸ್ಕ್ರಬ್ಬರು ಇರಲಿಲ್ಲ. ಒಂದು ಹಿಡಿ ತೆಂಗಿನ ನಾರು, ಚಿಪ್ಪಿನಲ್ಲಿ ಒಲೆಯ ಬೂದಿ, ಅಷ್ಟೇ. ನೀರು ಚಿಮುಕಿಸಿ, ಬೂದಿಯನ್ನು ಮೆತ್ತಿ, ಕ್ಯಾನನ್ನು ಹಾಗೇ ಬಿಟ್ಟು ಹಸುವಿಗೆ ಹುಲ್ಲು ಹಾಕಿ ಬಂದರು. ಆಮೇಲೆ ತಿಕ್ಕಿದರು. ತೊಳೆದದ್ದನ್ನು ಬಿಸಿಲಿಗೆ ಬೋರಲು ಹಾಕಿದರು.

ನನ್ನ ತಪ್ಪು ಅಲ್ಲೇ ಹೊಳೆಯಿತು. ಒದ್ದೆ ಬೂದಿ ಕ್ಷಾರ. ಹುಲ್ಲು ಹಾಕಿ ಬರುವಷ್ಟು ಹೊತ್ತು ಅದು ಮೇಲೆ ಕೂತಿದ್ದರೆ ಇಂಕಿನ ಅಂಟು ನೆನೆದು ಮೆತ್ತಗಾಗುತ್ತದೆ. ಆಮೇಲೆ ನಾರು ತಾಕಿದರೆ ಸಾಕು, ಎದ್ದುಬರುತ್ತದೆ. ನಾನು ಉಜ್ಜಿದ್ದೆಲ್ಲ ಒಣಬಟ್ಟೆಯಲ್ಲಿ. ನೀಲಿ, ಹಸಿರು ಬಿಸಿಲು ತಡೆಯುತ್ತವೆ. ನಾನು ಆರಿಸಿದ್ದ ಹೊಳಪಿನ ಕೆಂಪು ತಡೆಯುವುದಿಲ್ಲ. ಅದು ನನಗೆ ಗೊತ್ತೇ ಇತ್ತು. ಚೆಂದ ಕಾಣುತ್ತದೆಂದು ಹಾಕಿದ್ದೆ.

ಅಜ್ಜಿ ಕ್ಯಾನಿನ ಮೈ ಸವರುತ್ತ ಹೇಳಿದರು. "ನಾನ್ ಕದಿಯಾಕ್ ಓಗಿರ್ಲಿಲ್ಲ ಕಣಮ್ಮ. ಗುರ್ತು ಸಿಗ್ಲಿಲ್ಲ, ಅಷ್ಟೇಯ."

"ತಪ್ಪು ನಂದು ಅಜ್ಜಿ," ಎಂದೆ.

"ನನ್ ತಾವ ಏಳಿದ್ರೆ ಏನ್ ಬತ್ತದೆ. ಡೈರಿ ತಾವ ಇರೋರ್ಗೆ ಏಳು."

ಆ ಬೇಸಿಗೆ ಪೂರ್ತಿ ಅದರಲ್ಲೇ ಕಳೆಯಿತು. ಅಂಟನ್ನೇ ಬದಲಿಸಿದೆ. ಗಟ್ಟಿಮಾಡುವ ಎರಡನೆಯ ದ್ರವ ಬೆರೆಸಿ, ಅಚ್ಚು ಹಾಕಿದ ಮೇಲೆ ಕಾಯಿಸುವ ಇಂಕು ಮಾಡಿದೆ. ಬೆರೆಸಿ ಕೆಲವೇ ಗಂಟೆಯೊಳಗೆ ಬಳಸದಿದ್ದರೆ ಡಬ್ಬದಲ್ಲೇ ಕಲ್ಲಾಗುತ್ತದೆ. ಮೊದಲ ವಾರ ಮೂರು ಡಬ್ಬ ಹಾಗೇ ಎಸೆದೆ. ಮೊದಲ ಮಾದರಿ ಬೂದಿಯನ್ನು ತಡೆಯಿತು, ಆದರೆ ಶೆಡ್ಡಿನ ಮೇಲೆ ಬಿಸಿಲಿಗಿಟ್ಟದ್ದು ಸುಣ್ಣದ ಪುಡಿಯಂತೆ ಕೈಗಂಟತೊಡಗಿತು. ಬೇರೆ ಅಂಟು ತರಿಸಿದೆ. ಯಂತ್ರವನ್ನು ಪಕ್ಕಕ್ಕಿಟ್ಟು, ದಿನಾ ಒದ್ದೆ ಬೂದಿ ಮೆತ್ತಿ ನಾರಿನಲ್ಲಿ ನಾನೇ ತಿಕ್ಕಿದೆ. ಬೆರಳ ತುದಿಗಳು ಬಿರಿದು, ಅನ್ನ ಕಲಸಿದರೆ ಉರಿಯುತ್ತಿತ್ತು. ಇದೇ ಬೂದಿಯನ್ನು ದಿನಕ್ಕೆ ಎರಡು ಹೊತ್ತು ಮುಟ್ಟುವ ಕೈಗಳ ಬಗ್ಗೆ ನನ್ನ ಹದಿನಾಲ್ಕು ವರ್ಷದ ಲ್ಯಾಬಿನಲ್ಲಿ ಯಾರೂ, ನಾನೂ ಸೇರಿ, ಒಂದು ಸಲವೂ ಮಾತಾಡಿರಲಿಲ್ಲ.

ಮಳೆಗಾಲ ಹಿಡಿಯುವ ಮೊದಲು ಎರಡು ತಗಡಿನ ತುಂಡು ಹಿಡಿದು ಅಜ್ಜಿಯ ಮನೆಗೆ ಹೋದೆ. ಒಂದರ ಮೇಲೆ ಕಪ್ಪು, ಇನ್ನೊಂದರ ಮೇಲೆ ಕಬ್ಬಿಣದ ತುಕ್ಕಿನಿಂದ ಮಾಡುವ ಕೆಂಪು. ಎರಡೂ ಬಿಸಿಲಿಗೆ ಮಾಸುವುದಿಲ್ಲ. ಅಜ್ಜಿ ಕಪ್ಪನ್ನು ನೋಡಲೂ ಇಲ್ಲ. ಕೆಂಪನ್ನು ಉಗುರಿನಿಂದ ಕೆರೆದರು. ಇದು ಕುಂಕುಮದ ಹಾಗಿಲ್ಲ, ನಮ್ಮ ಹೊಲದ ಮಣ್ಣಿನ ಹಾಗಿದೆ ಎಂದರು. ಹೊಳಪಿನ ಕೆಂಪು ಉಳಿಯುವುದಿಲ್ಲ ಎಂದೆ. ತಗಡನ್ನು ಕೈಚಾಚಿ ದೂರ ಹಿಡಿದು ನೋಡಿ, ದೂರದಿಂದ ಗುರುತು ಸಿಕ್ಕರೆ ಸಾಕು ಎಂದು ಒಪ್ಪಿಕೊಂಡರು.

ಎಲ್ಲ ಕ್ಯಾನುಗಳನ್ನೂ ಬಂಗಾರಪೇಟೆಗೆ ತರಿಸಿ, ಹಳೆಯದನ್ನು ಕೆರೆದು ಹೊಸದಾಗಿ ಅಚ್ಚು ಹಾಕಿದೆ. ಹಿಂದಿರುಗಿಸಿದ ಮರುದಿನ ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೇ ಡೈರಿಗೆ ಹೋದೆ. ಎಲ್ಲರೂ ಸಾಲಿನಲ್ಲಿದ್ದರು. ಅಜ್ಜಿಯ ಸೊಸೆಯೂ ಇದ್ದಳು. ಕಾರ್ಯದರ್ಶಿ ನನ್ನನ್ನು ಮುಂದೆ ನಿಲ್ಲಿಸಿದರು. ಹೇಳಬೇಕಾದದ್ದನ್ನು ಬಸ್ಸಿನಲ್ಲಿ ಮನಸ್ಸಿನೊಳಗೇ ಹತ್ತು ಸಲ ಹೇಳಿಕೊಂಡಿದ್ದೆ. ಹೋದ ಸಲದ ಬಣ್ಣ ಕೆಟ್ಟಿದ್ದು ನನ್ನಿಂದ, ಗುರುತು ಅಳಿಸಿದ್ದರಿಂದಲೇ ಅಜ್ಜಿಗೆ ಕ್ಯಾನು ತಪ್ಪಿತು, ಅದರಲ್ಲಿ ಅವರದೇನೂ ತಪ್ಪಿಲ್ಲ ಎಂದೆ. ಕೆಲವರು ಸಾಲಿನಲ್ಲಿದ್ದ ಒಬ್ಬಳ ಕಡೆ ತಿರುಗಿ ನೋಡಿದರು. ಅಂದು ಅಜ್ಜಿಯನ್ನು ಆಡಿಕೊಂಡಿದ್ದ ಹೆಂಗಸು ಇವಳೇ ಎಂದು ಬೇರೆಯವರ ನೋಟದಿಂದಲೇ ನನಗೆ ಗೊತ್ತಾಯಿತು. ಅವಳು ತನ್ನ ಕ್ಯಾನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದಳು. ಕೊನೆಗೆ ಸೊಸೆಯ ಕಡೆ ತಿರುಗದೆಯೇ, "ನಾಳೆ ಅತ್ತೇನೇ ಬರ್ಲಿ ಅಂತ ಏಳು," ಎಂದಳು.

ಅಜ್ಜಿ ಮರುದಿನ ಹೋಗಲಿಲ್ಲವಂತೆ. ಅದರ ಮರುದಿನವೂ ಇಲ್ಲ. ಹತ್ತು ಹನ್ನೆರಡು ದಿನದ ಮೇಲೆ ತಾವಾಗಿಯೇ ಕ್ಯಾನು ಹಿಡಿದು ಹೊರಟರು ಎಂದು ಕಾರ್ಯದರ್ಶಿ ಫೋನಿನಲ್ಲಿ ತಿಳಿಸಿದರು. ಆ ಇಬ್ಬರೂ ಈಗಲೂ ಹೆಚ್ಚು ಮಾತಾಡುವುದಿಲ್ಲ.

ನಂಬರುಗಳು ಅಳಿಸದೆ ನಿಂತಿವೆ. ಹೋದ ತಿಂಗಳು ನೋಡಲು ಹೋಗಿದ್ದೆ. ಕೆಲವು ಅಂಕಿಗಳ ಅಂಚು ತುಸು ಸವೆದಿದೆ, ಎಲ್ಲವನ್ನೂ ಬರೆದುಕೊಂಡೆ. ಅಜ್ಜಿಯ ಹಸು ಕರು ಹಾಕಿತ್ತು. ಬೇಡವೆಂದರೂ ಕೇಳದೆ ಒಂದು ಡಬ್ಬಿ ಗಿಣ್ಣುಹಾಲು ತುಂಬಿಕೊಟ್ಟರು. ಊರಿಗಾಂ ಮನೆಗೆ ತಂದೆ. ಅಮ್ಮ ಅದಕ್ಕೆ ಬೆಲ್ಲ ಏಲಕ್ಕಿ ಹಾಕಿ ಬೇಯಿಸಿದಳು. ಬಿಸಿ ಇದ್ದಾಗಲೇ ಇಬ್ಬರೂ ಬಾಗಿಲ ಮೆಟ್ಟಿಲ ಮೇಲೆ ಕೂತು ತಿಂದೆವು.