ಕಬ್ಬಿನ ಲಾರಿಯ ಹಿಂಬದಿ

ದೊಡ್ಡಪ್ಪ ಓಡಿಸುತ್ತಿದ್ದ ಉದ್ದ ಮೂತಿಯ ಹಳೇ ಲಾರಿಯನ್ನು ನಾನು ಮೊಳದುದ್ದದ ಮಾದರಿಗೆ ಇಳಿಸಿದೆ. ಮೈಗೆ ಡಬ್ಬಿಯ ತಗಡು, ಚಕ್ರಕ್ಕೆ ಹವಾಯಿ ಚಪ್ಪಲಿ. ತೆಂಗಿನ ಗರಿಯ ಕಡ್ಡಿ ಕತ್ತರಿಸಿ, ಒಂದೊಂದಕ್ಕೂ ಗೆಣ್ಣು ಬರೆದು, ಕಬ್ಬಿನ ಲೋಡು ತುಂಬಿದೆ.

ಅದನ್ನು ನಡುಮನೆಯ ಟೇಬಲ್ಲಿನ ಮೇಲಿಟ್ಟದ್ದೇ ತಪ್ಪಾಯಿತು. ಕಬ್ಬಿನ ಲಾರಿ ಕಂಡರೆ ನಮ್ಮ ಮಂಡ್ಯದವರ ಕೈ ಸುಮ್ಮನಿರುವುದಿಲ್ಲ. ಹಾಲಿನವನು ಒಂದು ಜಲ್ಲೆ ಎಳೆದ. ನೆಂಟರು ಕಾಫಿ ಕುಡಿಯುತ್ತಲೇ ಎಳೆದರು. ಕೇಳಿದರೆ, ಎಳೆದದ್ದು ಅವರಿಗೇ ಗೊತ್ತಿಲ್ಲ. ವಾರದೊಳಗೆ ಲೋಡು ಅರ್ಧಕ್ಕಿಳಿಯಿತು. ನನಗೆ ಮೈಯೆಲ್ಲ ಉರಿಯಿತು.

ಚಿಕ್ಕಂದಿನಲ್ಲಿ ನಾವು ಹುಡುಗರು ಲಾರಿಯ ಹಿಂದೆ ಓಡಿ ಕಬ್ಬು ಎಳೆದರೆ, ದೊಡ್ಡಪ್ಪ ನಡುರಸ್ತೆಯಲ್ಲೇ ಲಾರಿ ನಿಲ್ಲಿಸಿ ಅಟ್ಟಿಸಿಕೊಂಡು ಬರುತ್ತಿದ್ದ. ನನ್ನ ಸಂಕಟ ಅವನಿಗಾದರೂ ಅರ್ಥವಾದೀತೆಂದು ಕರೆದು ತೋರಿಸಿದೆ. ಅವನು ಬಾನೆಟ್ಟು ಸವರಿದ, ಸ್ಟೇರಿಂಗ್ ನೋಡಿ ತಲೆಯಾಡಿಸಿದ. ಆಮೇಲೆ ಮೆಲ್ಲಗೆ ಟೇಬಲ್ಲು ಸುತ್ತಿ ಲಾರಿಯ ಹಿಂದಕ್ಕೆ ಹೋಗಿ ಒಂದು ಕಡ್ಡಿ ಎಳೆದುಕೊಂಡ.

"ನೀನೂ ಎಳಿಯದಾ, ದೊಡ್ಡಪ್ಪ?" ಎಂದೆ.

"ಬುಡ್ಲಾ. ಜೀವಮಾನವೆಲ್ಲ ಮುಂದ್ಗಡೆ ಕುಂತಿದ್ದೆ. ಇಂದ್ಗಡೆಯಿಂದ ಎಳಿಯೋ ಪುಣ್ಯ ನಂಗೆಲ್ಲಿತ್ತು?"