ನಮ್ಮವ್ವಗೂ ಇದನ್ನ ಕೊಡ್ತೀನಿ

ಐನಾಪುರದ ಆ ಔಷಧಿ ಅಂಗಡಿಯವನು ಯಾವ ಗುಳಿಗೆ ಕೊಡುವಾಗಲೂ ಎದೆಯ ಮೇಲೆ ಕೈಯಿಟ್ಟು, "ನಮ್ಮವ್ವಗೂ ಇದನ್ನ ಕೊಡ್ತೀನ್ರಿ" ಎನ್ನುತ್ತಿದ್ದ. ಎಲುಬು ಸವೆದಿದ್ದ ನಮ್ಮತ್ತೆಗೆ ಸಮುದ್ರದ ಕ್ಯಾಲ್ಸಿಯಂ ಕೊಟ್ಟಾಗಲೂ ಹಾಗೆಯೇ ಅಂದ.

"ಇದ್ರಾಗ ಮೀನು ಗೀನು ಇಲ್ಲ ಹೌದಿಲ್ಲಪಾ?" ಎಂದು ಅತ್ತೆ ಕೊರಳಿನ ಲಿಂಗ ಮುಟ್ಟಿಕೊಂಡು ಕೇಳಿದ್ದರು.

"ಬರೇ ಸಮುದ್ರದ ಪಾಚಿ ಐತ್ರಿ."

ಅತ್ತೆ ದಿನಾ ಲಿಂಗಪೂಜೆ ಮುಗಿಸಿ, ತೀರ್ಥದ ಜೊತೆಗೇ ಅದನ್ನು ನುಂಗಿದರು. ಡಬ್ಬಿಯ ಹಿಂದಿನ ಸಣ್ಣ ಅಕ್ಷರಗಳನ್ನು ನಾನು ಓದಿದ್ದು ಆಮೇಲೆ: ಮೀನಿನ ಮೂಳೆಯ ಪುಡಿ.

ಮೈಯೆಲ್ಲ ಉರಿದು ಹೋಯಿತು. ಅಂಗಡಿಗೆ ಹೋಗಿ ಡಬ್ಬಿಯನ್ನು ಅವನ ಮುಂದೆ ಕುಕ್ಕಿದೆ.

"ಔಷಧಕ್ಕ ಎಂಥಾ ಮಡಿರೀ ಅಕ್ಕಾರ?" ಎಂದು ನಕ್ಕ.

ಅಷ್ಟರಲ್ಲಿ ಹಣೆ ತುಂಬ ವಿಭೂತಿ ಹಚ್ಚಿದ್ದ ಅವನ ತಾಯಿ ಒಳಗಿನಿಂದ ಬಂದರು. ನಾನು ಮುಚ್ಚಳ ತೆಗೆದು ಒಂದು ಗುಳಿಗೆಯನ್ನು ಅವರತ್ತ ಚಾಚಿದೆ.

ಅವನು ನನ್ನ ಕೈ ತಡೆದ. "ಅವ್ವಗ ಬ್ಯಾಡ್ರಿ!"